ಕೆಂಪಮ್ಮನವರ ಎಮ್ಮೆಯ ಮೇಲೆ ನಮ್ಮ ಬೀದಿ ಕೊಟ್ಟ ಅರ್ಜಿ

ನಂಬಲಾಗುತ್ತಿಲ್ಲ...
ಭಾನುವಾರವಷ್ಟೇ ಫೋನಿನಲ್ಲಿ ನನ್ನ ಮಂಡಿನೋವನ್ನು ಗೇಲಿ ಮಾಡಿದವನು...
ನನ್ನ ಹೈಸ್ಕೂಲು ಗೆಳೆಯ ನಿಂಗೇಗೌಡ, ಇಂದು ಬೆಳಿಗ್ಗೆ ವಿದ್ಯಾರಣ್ಯಪುರಂನ ಮನೆಯಲ್ಲಿ ತೀರಿಕೊಂಡನಂತೆ.

ಆಗಲೇ ನಮ್ಮ ದೇವರಾಜ ಮೊಹಲ್ಲಾದ ಹಳಬರ ಗ್ರೂಪಿನಲ್ಲಿ ಪೋಸ್ಟುಗಳು ಶುರು.
"ನಮ್ಮ ಬೀದಿಯ ಮಗ."
"ಆಗೆಲ್ಲ ಇಡೀ ಬೀದಿ ಒಂದೇ ಮನೆ ಥರ ಇತ್ತು ಕಣ್ರೀ."

ಮಾನ್ಯರೇ,
ತಮ್ಮೆಲ್ಲರ ಗಮನಕ್ಕೆ ತರಬಯಸುವುದೇನೆಂದರೆ...
ಅದು ಸುಳ್ಳು.

ಐವತ್ತರ ದಶಕದಲ್ಲಿ ನಿಂಗೇಗೌಡನೂ ಅವನ ತಾಯಿ ಕೆಂಪಮ್ಮನವರೂ ಹಳ್ಳಿಯಿಂದ ಬಂದು ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದರು.
ಹಿತ್ತಿಲಲ್ಲಿ ಒಂದೇ ಒಂದು ಎಮ್ಮೆ.
ಅದರ ಹಾಲಿನ ಕಾಫಿ ಕುಡಿಯದ ಮನೆ ನಮ್ಮಲ್ಲಿರಲಿಲ್ಲ.

ಆ ಕಾಫಿ ಕುಡಿದೇ ಹಿರಿಯರು ಮುನಿಸಿಪಾಲಿಟಿಗೆ ಅರ್ಜಿ ಕೊಟ್ಟರು...
"ಸಾರ್ವಜನಿಕ ನೈರ್ಮಲ್ಯದ ಹಿತದೃಷ್ಟಿಯಿಂದ" ಎಮ್ಮೆಯನ್ನು ತೆರವುಗೊಳಿಸಬೇಕೆಂದು.
ರುಜು ಹಾಕಿದವರ ಹಿತ್ತಿಲುಗಳಲ್ಲಿ ಐದು ಹಸುಗಳಿದ್ದವು. ಅವುಗಳ ಸಗಣಿಗೆ ವಾಸನೆ ಇರಲಿಲ್ಲವೇ?

ಎಮ್ಮೆ ಬರೀ ನೆಪ.
ಒಕ್ಕಲು ಜನ ಪಕ್ಕದ ಮನೆಯಲ್ಲಿರುವುದು ಬೇಡವಾಗಿತ್ತು. ಆ ಮಾತು ಮಾತ್ರ ಅರ್ಜಿಯಲ್ಲಿ ಎಲ್ಲಿಯೂ ಬಾರದಂತೆ ನೋಡಿಕೊಳ್ಳಲಾಗಿತ್ತು.
ನೋಡಿಕೊಂಡವನು ನಾನು.
ಹೈಸ್ಕೂಲು ಮುಗಿಸಿ ಬಂದು ಸಂಜೆಹೊತ್ತು ವಕೀಲರ ಕಚೇರಿಯಲ್ಲಿ ಅರ್ಜಿಗಳನ್ನು ನಕಲು ಮಾಡಿ ಪಳಗಿದ ಕೈ ನನ್ನದು. ಬರೆದುಕೊಡು ಎಂದರು... ಹೆಮ್ಮೆಯಿಂದ ಬರೆದುಕೊಟ್ಟೆ.

ನೋಟೀಸು ಬಂದ ದಿನ ಕೆಂಪಮ್ಮನವರು ನಡುಬೀದಿಯಲ್ಲಿ ನಿಂತು ಕೇಳಿದರು:
"ಕುಡ್ಯಾವಾಗ ಬರ್ನಿಲ್ವಾ ಸ್ವಾಮಿ ವಾಸ್ನೆ? ನೀರ್ ಬೆರಸ್ದೆ ಕೊಟ್ಟಿದ್ದೇ ನಂ ತಪ್ಪಾಯ್ತು ಬುಡಿ."
ಒಂದು ಬಾಗಿಲೂ ತೆರೆಯಲಿಲ್ಲ. ನಮ್ಮ ಮನೆಯದೂ.

ನಿಂಗಾ...
ನೋಟೀಸಿನ ಜೊತೆ ಅರ್ಜಿಯ ಕಾರ್ಬನ್ ಪ್ರತಿಯೂ ನಿನ್ನ ಕೈಸೇರಿತ್ತು. ನನ್ನ ನೋಟ್ಸ್ ನೋಡಿಕೊಂಡೇ ಪರೀಕ್ಷೆಗೆ ಓದಿದವನು ನೀನು. ಕೈಬರಹ ಯಾರದೆಂದು ತಿಳಿಯದಿದ್ದೀತೇ?
"ಅಕ್ಸರ ಸೊಗಸಾಗಿ ಅದೆ ಕಣೋ" ಅಂದೆ ನೀನು.
ಅಷ್ಟೇ.
ಮರುವಾರ ಸಾಮಾನನ್ನು ಗಾಡಿಗೆ ಹೇರಿ, ಎಮ್ಮೆಯನ್ನು ಹಿಂದೆ ಕಟ್ಟಿ ಹೊರಟುಹೋದೆ. ಆಮೇಲೂ ಅರವತ್ತು ವರ್ಷ ನನ್ನ ಸ್ನೇಹ ಬಿಡಲಿಲ್ಲ... ಆ ಮಾತನ್ನೂ ಎತ್ತಲಿಲ್ಲ.
ಊರಿನವರಿಗೆಲ್ಲ ಬಿನ್ನಹ ಬರೆದುಕೊಟ್ಟ ನಾನು, ನಿನ್ನಲ್ಲಿ ಒಮ್ಮೆಯೂ ಕ್ಷಮೆ ಕೇಳಲಿಲ್ಲ.

ಗ್ರೂಪಿನ ಮಹನೀಯರೇ,
ತಾವೆಲ್ಲ ಅಂದು ರುಜು ಹಾಕಿದವರ ಮಕ್ಕಳು, ಮೊಮ್ಮಕ್ಕಳು. ತಮ್ಮನ್ನು ದೂರುತ್ತಿಲ್ಲ. ಆದರೆ ನಮ್ಮ ಬೀದಿಯೇ ಓಡಿಸಿದವನನ್ನು ಸತ್ತ ಮೇಲೆ ಮಗನೆನ್ನುವ ಆ ಪೋಸ್ಟುಗಳನ್ನು ಈ ಕೂಡಲೇ ಡಿಲೀಟ್ ಮಾಡತಕ್ಕದ್ದು.
ಅವನ ಮಗಳಿಗೆ ಇದಾವುದೂ ತಿಳಿಯದು. ಇಂದು ಸಂಜೆ ಅವಳ ಮುಂದೆ ನಿಂತು, ಅರ್ಜಿ ಬರೆದ ಕೈ ಇದೇ ಎಂದು ಹೇಳಲಿದ್ದೇನೆ.
ಜೊತೆಗೆ ಬರುವ ಧೈರ್ಯವಿದ್ದವರು ಬರಬಹುದು.

ಹೋಗಿ ಬಾ, ನಿಂಗಾ...
ನಿನ್ನ ಆತ್ಮಕ್ಕೆ ಶಾಂತಿ ದೊರೆಯಲಿ. ಅದರಲ್ಲಿ ನಮ್ಮ ಬೀದಿಗೆ ಪಾಲು ಬೇಡ.