ಚಪ್ಪಲಿಯಿಂದ ಮಾಡಿದ ಬೈತಲೆಬೊಟ್ಟು

ಕಳೆದ ತಿಂಗಳು ಕಲ್ಯಾಣದ ಬಜಾರಿನಲ್ಲಿ ಒಂದು ಜೋಡಿ ಹೊಸ ಕೊಲ್ಹಾಪುರಿ ಚಪ್ಪಲಿ ಆರಿಸಿದೆ. ಅಂಗಡಿಯವನು ಸ್ಟೂಲು ಮುಂದಕ್ಕೆ ತಳ್ಳಿ, “ಪಾಯಾತ ಘಾಲೂನ್ ಬಘಾ, ಬಾಯಿ” ಎಂದ. ಕಾಲಿಗೆ ಹಾಕಿ ನೋಡಬೇಕಂತೆ.

“ಬೇಡಪ್ಪ, ಇದು ಕಾಲಿಗಲ್ಲ. ಮಗಳ ತಲೆಗೆ” ಎಂದೆ.

ಅವನು ಸ್ಟೂಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ನೀವೂ ಗಾಬರಿಯಾಗಬೇಡಿ. ನನ್ನ ಮಗಳು ವಿಭಾಳಿಗೆ ಹದಿಮೂರು. ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಅಳುತ್ತಾಳೆ. ಆರು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಗೆಜ್ಜೆಪೂಜೆಯ ದಿನ ಗೊತ್ತುಮಾಡಿ ಆಗಿತ್ತು. ಅಂದೇ ಮೊದಲ ಸಲ ಗೆಜ್ಜೆ ಕಟ್ಟಿ ರಂಗದ ಮೇಲೆ ಕುಣಿಯಬೇಕು. ಒಡವೆ ತೊಟ್ಟು ರಿಹರ್ಸಲ್ ಮಾಡಿದ ದಿನ ನೋಡಿ, ಹಣೆ, ಕಿವಿ, ಕುತ್ತಿಗೆ ಎಲ್ಲ ಕೆಂಪಗೆ ಗುಳ್ಳೆ. “ಅಮ್ಮಾ, ಖೂಪ್ ಖಾಜ್ ಯೇತೇ!” ಎಂದು ಕೆರೆದುಕೊಂಡು ಅತ್ತಳು.

ಸ್ಟೇಷನ್ ಹತ್ತಿರದ ಡಾಕ್ಟರರು ಅಲರ್ಜಿ ಎಂದರು. ಯಾವ ಲೋಹವೂ ಮೈಗೆ ತಾಗಬಾರದು.

“ನಮ್ಮ ಮನಿತನದಾಗ ಇಂಥಾ ಖೋಡಿ ಚರ್ಮ ಯಾರಿಗೂ ಇಲ್ಲ. ಇದು ನಿನ್ನ ತವರುಮನಿದು” ಎಂದು ಅತ್ತೆಯವರು ಆ ಕ್ಷಣವೇ ತೀರ್ಪು ಕೊಟ್ಟರು. (ಮೊಮ್ಮಗಳ ಜಾಣತನ ಮಾತ್ರ ಧಾರವಾಡದ ಅವರ ಮನೆತನದ್ದು. ನೆಗಡಿಯಿಂದ ಹಿಡಿದು ಉಳಿದದ್ದೆಲ್ಲ ನನ್ನ ತವರಿನದು.) ಅತ್ತೆಯವರ ಕಿವಿ ಮಾತ್ರ ಸದಾ ಬೋಳು. ಇದ್ದ ಬಂಗಾರದ ಬೆಂಡೋಲಿಯನ್ನು ವಿಠ್ಠಲವಾಡಿಯ ಮಗಳಿಗೆ ಕೊಟ್ಟು, “ವಯಸ್ಸಾದ ಮ್ಯಾಲೆ ನನಗ್ಯಾಕ ಬೇಕು?” ಎನ್ನುವ ನಿರ್ಮೋಹಿ.

ಡಾನ್ಸ್ ಟೀಚರ್ ಉಡುಪಿ ಕಡೆಯವರು. “ಒಡವೆ ಇಲ್ಲದೆ ಸ್ಟೇಜಿಗೆ ಹತ್ತಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೇ. ಬೇಕಾದ್ರೆ ಮುಂದಿನ ವರ್ಷ ನೋಡುವ” ಎಂದುಬಿಟ್ಟರು. ಮುಂದಿನ ವರ್ಷ! ಹದಿಮೂರರ ಹುಡುಗಿಗೆ ಅದು ಮುಂದಿನ ಜನ್ಮ. ಅವಳು ಊಟ ಬಿಟ್ಟಳು.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಷ್ಟ ಹೇಳಿಕೊಂಡೆ. ಅಲ್ಲಿ ಸಿಗದ ಸಲಹೆ ಉಂಟೆ? ಒಡವೆಯ ಹಿಂಬದಿಗೆ ನೇಲ್ ಪಾಲಿಶ್ ಹಚ್ಚಿ ಎಂದರು. ಹಚ್ಚಿದೆ. ಮೊದಲ ಹಾಡಿನ ಬೆವರಿಗೇ ಎದ್ದು ಬಂತು. ಒಳಗೆ ಬಟ್ಟೆ ಹೊಲಿಯಿರಿ ಎಂದರು. ಹೊಲಿದೆ. ಒದ್ದೆಯಾಗಿ ಇನ್ನಷ್ಟು ಕೆರೆಯಿತು.

ಒಂದು ದಿನ ಮನೆಯ ಹೊಸ್ತಿಲಲ್ಲಿ ಕಣ್ಣಿಗೆ ಬಿದ್ದದ್ದು ವಿಭಾಳ ಚಪ್ಪಲಿ. ಬಕಲ್ ಇರುವ ಸ್ಯಾಂಡಲ್ ಹಾಕಿದರೆ ಅವಳ ಪಾದಕ್ಕೂ ಗುಳ್ಳೆ ಬರುತ್ತಿತ್ತು, ಅದಕ್ಕೇ ಕೊಲ್ಹಾಪುರಿ ಕೊಡಿಸಿದ್ದೆ. ಮಳೆಗಾಲ ಬಿಟ್ಟು ವರ್ಷವಿಡೀ ಅದೇ ಹಾಕುತ್ತಾಳೆ. ಒಂದು ದಿನವೂ ತುರಿಕೆ ಇಲ್ಲ! ಪಾದಕ್ಕೆ ಒಗ್ಗಿದ್ದು ಹಣೆಗೇಕೆ ಒಗ್ಗಬಾರದು?

ಅದಕ್ಕೇ ಕಲ್ಯಾಣಕ್ಕೆ ಹೋದದ್ದು. ಮನೆಗೆ ತಂದು, ಕತ್ತರಿ ಹಿಡಿದು ಕೂತೆ. ಹೆಣೆದ ಪಟ್ಟಿ ಬೈತಲೆಯ ಸರವಾಯಿತು. ಅಟ್ಟೆಯ ತೊಗಲಿನ ಪದರು ಬಿಡಿಸಿ ಪದಕ, ಓಲೆ, ಸೂರ್ಯ, ಚಂದ್ರ ಕತ್ತರಿಸಿದೆ. ಕೊಕ್ಕೆಯ ಬದಲು ನೂಲಿನ ದಾರ. ಚಿನ್ನದ ಬಣ್ಣವನ್ನು ಹೊರಮೈಗೆ ಮಾತ್ರ ಬಳಿದೆ. ಮಾಣಿಕ್ಯಕ್ಕೆ ಏನು ಮಾಡಲಿ? ಹಣೆಗಿಡುವ ಕೆಂಪು ಟಿಕಲಿಯ ಪಾಕೀಟು ಇರಲಿಲ್ಲವೇ, ಅಂಟಿಸಿದೆ. ಅದನ್ನು ತೊಟ್ಟು ಒಂದಿಡೀ ಸಂಜೆ ಕುಣಿದ ವಿಭಾ, “ಕಿತೀ ಹಲಕಂ ಆಹೇ!” ಎಂದಳು. ಎಷ್ಟು ಹಗುರ! ಒಂದೂ ಗುಳ್ಳೆ ಇಲ್ಲ. ನನಗೆ ಕುಣಿಯಲು ಬಾರದು, ಆದರೂ ಕುಣಿದೆ.

ಅಷ್ಟರಲ್ಲಿ ವಿಠ್ಠಲವಾಡಿಯ ಮಗಳ ಮನೆಗೆ ಹೋಗಿದ್ದ ಅತ್ತೆಯವರು ವಾಪಸು ಬಂದರು. ನೆಲದ ಮೇಲೆ ಚಪ್ಪಲಿಯ ಉಂಗುಷ್ಟದ ತುಂಡು ಬಿದ್ದಿತ್ತು.

“ಚಪ್ಪಲಿ ತೊಗಲು ಕೂಸಿನ ತಲಿಮ್ಯಾಲೆ ಇಡ್ತೀಯೇನ? ಅದೂ ದೇವರ ಮುಂದ? ನಾ ಅಂತೂ ಆ ಗೆಜ್ಜಿ ಮುಟ್ಟಿ ಕೊಡಾಕಿ ಅಲ್ಲ!”

ಮನೆಯ ಹಿರಿಯ ಮುತ್ತೈದೆ ಗೆಜ್ಜೆ ಎತ್ತಿಕೊಡದಿದ್ದರೆ ಪೂಜೆ ಹೇಗೆ ನಡೆದೀತು? ವಿಭಾ ಮತ್ತೆ ಊಟ ಬಿಟ್ಟಳು.

ಗೆಜ್ಜೆಪೂಜೆಯ ದಿನ ಅತ್ತೆಯವರು ಮುಖ ಊದಿಸಿಕೊಂಡೇ ಸಭಾಗೃಹಕ್ಕೆ ಬಂದರು. ನಟರಾಜನ ಮುಂದೆ ಹರಿವಾಣ, ಅದರಲ್ಲಿ ಕುಂಕುಮ ಹಚ್ಚಿದ ಗೆಜ್ಜೆ. ದೇವರ ಮುಂದೆ ಇಟ್ಟದ್ದನ್ನು ಕಂಡರೆ ಅತ್ತೆಯವರ ಕೈ ಸುಮ್ಮನಿರುತ್ತದೆಯೇ? ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನು ಇದೇ ಗಳಿಗೆಗೆ ಕಾದಿದ್ದೆ.

“ಅತ್ತೀ, ಗೆಜ್ಜಿ ಯಾವುದರ ಮ್ಯಾಲೆ ಹೊಲಿದಾರ, ಸ್ವಲ್ಪ ತಿರುಗಿಸಿ ನೋಡ್ರಿ.”

ತಿರುಗಿಸಿದರು. ದಪ್ಪನೆಯ ಕಂದು ತೊಗಲಿನ ಪಟ್ಟಿ.

ಟೀಚರ್ ನಕ್ಕರು. “ಚರ್ಮವೇ ಅಮ್ಮ. ಆ ಮೃದಂಗದ್ದೂ ಚರ್ಮವೇ. ಅದು ಬೇಡ ಅಂದ್ರೆ ದೇವರ ಎದುರು ಕುಣಿಯುದು ಎಂತದ್ರಲ್ಲಿ?”

ಅತ್ತೆಯವರು ಗೆಜ್ಜೆ ನೋಡಿದರು, ಮೃದಂಗ ನೋಡಿದರು, ಕೊನೆಗೆ ಕಣ್ಣು ತುಂಬಿಕೊಂಡು ನಿಂತಿದ್ದ ಮೊಮ್ಮಗಳನ್ನು ನೋಡಿದರು. “ತಾ ಇಲ್ಲೆ ಆ ಬೈತಲೆಬೊಟ್ಟು” ಎಂದವರೇ, ಅದಕ್ಕೂ ಕುಂಕುಮ ಹಚ್ಚಿ, ತಮ್ಮ ಕೈಯಾರೆ ಕಟ್ಟಿದರು.

ವಿಭಾ ಕುಣಿದಳು. ಹೇಗೆ ಕುಣಿದಳೆಂದು ತಾಯಿಯನ್ನು ಕೇಳಬಾರದು, ಆದರೂ ಹೇಳುತ್ತೇನೆ: ಒಂದು ಸಲವೂ ಕೆರೆದುಕೊಳ್ಳದೆ, ನಗುನಗುತ್ತಾ, ರಾಣಿಯ ಹಾಗೆ ಕುಣಿದಳು. ನಾನು ಮುಂದಿನ ಸಾಲಿನಲ್ಲಿ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಎದ್ದುಬರುವಾಗ ಹೆಂಗಸರು ನಮ್ಮನ್ನು ಮುತ್ತಿದರು. ಒಡವೆ ಯಾವ ಸರಾಫನ ಅಂಗಡಿಯದು?

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಸೆರಗು ಸರಿಮಾಡಿಕೊಂಡು, “ನಮ್ಮ ಸೊಸಿ ಮಾಡ್ಯಾಳ್ರಿ” ಎಂದರು. ಮದುವೆಯಾಗಿ ಹದಿನೈದು ವರ್ಷ, ಆ ದನಿಯಲ್ಲಿ ‘ನಮ್ಮ ಸೊಸಿ’ ಎಂದದ್ದು ಅದೇ ಮೊದಲು.

ಆಮೇಲೆ ಸುದ್ದಿ ಹಬ್ಬಿತು. ಅಂಬರನಾಥದಿಂದ ಒಬ್ಬರು ಬಂದು ಮಗಳ ಬಾವು ಬಂದ ಕಿವಿ ತೋರಿಸಿದರು, ಠಾಣೆಯಿಂದ ಇನ್ನೊಬ್ಬರು. ಎಲ್ಲರಿಗೂ ಓಲೆ ಮಾಡಿಕೊಟ್ಟೆ. ಮೊನ್ನೆ ಅಡುಗೆಮನೆಗೆ ಅತ್ತೆಯವರೇ ಬಂದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

“ನನಗೂ ಒಂದು ಜೋಡಿ ಮಾಡು. ಬೆಂಡೋಲಿ ಹಾಕಿದ್ರ ನನ್ನ ಕಿವಿನೂ ಸೋರತಿದ್ದವು. ಬಂಗಾರ ಒಗ್ಗೂದಿಲ್ಲ ಅಂದ್ರ ಯಾರ ನಂಬ್ತಾರ ಹೇಳು? ಅದಕ್ಕ ಸುಮ್ಮನ ಮಗಳಿಗೆ ಕೊಟ್ಟುಬಿಟ್ಟೆ.”

ಅಂದರೆ ಖೋಡಿ ಚರ್ಮ ಯಾರ ಮನೆತನದ್ದು? ನನ್ನ ತವರು ಗೆದ್ದಿತು! ಆದರೂ ಹಂಗಿಸಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಬೋಳು ಕಿವಿ ಹೊತ್ತು ಆ ನೋವನ್ನು ಒಬ್ಬರೇ ನುಂಗಿದ್ದಾರೆ. ಮಾಡಿಕೊಡುತ್ತೇನೆ ಎಂದೆ.

ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ಒಂದು ಮಾತು. ಬಲಗಾಲಿನ ಚಪ್ಪಲಿದಽ ಮಾಡು. ಎಡಗಾಲಿಂದು ನನಗ ನಡಿಯೂದಿಲ್ಲ.”

ಈಗ ನೀವೇ ಹೇಳಿ, ಉಳಿದ ಎಡಗಾಲಿನ ಚಪ್ಪಲಿಯನ್ನು ನಾನು ಯಾರ ಕಿವಿಗೆ ತೂಗುಹಾಕಲಿ?