ಜಾಜಿಕಾಯಿ ಬಿದ್ದ ಕುಂಬಳಕಾಯಿ ಬಿಸ್ಕತ್ತು

ಇಡೀ ಕುಂಬಳಕಾಯಿಯನ್ನು ಹೆಂಗಸು ಒಡೆಯಬಾರದು. ಮೊದಲ ಏಟು ಗಂಡಸಿನದೇ ಆಗಬೇಕು. ಆಮೇಲೆ ಬೀಜ ತೆಗೆಯುವುದು, ಹೆಚ್ಚುವುದು, ಬೇಯಿಸುವುದು, ಕಿವುಚುವುದು, ಕೊನೆಗೆ ಪಾತ್ರೆ ತೊಳೆಯುವುದು ಎಲ್ಲವನ್ನೂ ಹೆಂಗಸೇ ಮಾಡಬಹುದು. ಅದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ನರಗುಂದದ ಕಡೆಯಿಂದ ಬಂದು ಹುಣಸಮಾರನಹಳ್ಳಿಯಲ್ಲಿ ಬಾಡಿಗೆಗಿರುವ ಪ್ರತಿಭಾ ಈ ನಿಯಮವನ್ನು ನಂಬುತ್ತಿದ್ದಳೋ ಇಲ್ಲವೋ, ಮೀರುತ್ತಂತೂ ಇರಲಿಲ್ಲ. ಮನೆಯಲ್ಲಿ ಅತ್ತೆ ಸಂಗವ್ವ ಇದ್ದರು. ಮೀರಿದರೆ ಅತ್ತೆ ಬೈಯುವವರಲ್ಲ, ಊಟ ಬಿಡುವವರು. ಬೈಗುಳವನ್ನಾದರೂ ತಡೆದುಕೊಳ್ಳಬಹುದು.

ಆ ಶನಿವಾರ ಗಂಡ ಸಿದ್ದಲಿಂಗನಿಗೆ ಕಾರ್ಖಾನೆಯಲ್ಲಿ ಓಟಿ ಬಿತ್ತು. ರಾತ್ರಿ ಪಾಳಿ ಮುಗಿಸಿ ಬೆಳಗಾಗುತ್ತಲೇ ಬರಬೇಕಾದವನು ಬಿಸಿಲೇರಿದರೂ ಬರಲಿಲ್ಲ. ಅಷ್ಟು ಹೊತ್ತೂ ಕುಂಬಳಕಾಯಿ ಅಡುಗೆಮನೆಯ ನಡುವೆ ಮದುಮಗನ ಹಾಗೆ ಕೂತಿತ್ತು, ಪ್ರತಿಭಾ ಅದರ ಮುಂದೆ ಕೈಕಟ್ಟಿ ನಿಂತಿದ್ದಳು. ಶನಿವಾರವೆಂದರೆ ಬಿಸ್ಕತ್ತಿನ ದಿನ. ಏರ್‌ಪೋರ್ಟ್ ರಸ್ತೆಯ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ನಾಯಿಗಳಿಗೆ ಮಧ್ಯಾಹ್ನದೊಳಗೆ ಪೊಟ್ಟಣ ತಲುಪಬೇಕು. ತಲುಪದಿದ್ದರೆ ನಾಯಿಗಳು ಸುಮ್ಮನಿರುತ್ತವೆ, ಸಾಕಿದವರು ಸುಮ್ಮನಿರುವುದಿಲ್ಲ.

ಈ ಕೆಲಸ ಶುರುವಾದದ್ದೂ ಯೋಚಿಸಿ ಮಾಡಿದ್ದಲ್ಲ. ಚಿಕ್ಕಜಾಲದ ಹತ್ತಿರ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಪ್ರತಿಭಾ ಕ್ಲರ್ಕಾಗಿದ್ದಳು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕಿತ್ತು. ಆ ಯಾರಾದರೂ ಯಾರು ಎಂದು ಆ ಮನೆಯಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ. ಕೆಲಸ ಬಿಟ್ಟ ಮೇಲೆ, ಪರಿಚಯದ ಲೆಕ್ಚರರ್ ಒಬ್ಬರ ನಾಯಿಗೆ ಹೊಟ್ಟೆ ಕೆಟ್ಟು ಡಾಕ್ಟರು ಬೇಯಿಸಿದ ಸಿಹಿಗುಂಬಳ ಕೊಡಿ ಎಂದಾಗ, ಅದನ್ನು ಗೋದಿಹಿಟ್ಟು ರಾಗಿಹಿಟ್ಟಿನ ಜೊತೆ ಕಲಸಿ ತನ್ನ ಸಣ್ಣ ಓವನ್‌ನಲ್ಲಿ ಸುಟ್ಟುಕೊಟ್ಟಳು. ಉಪ್ಪಿಲ್ಲ, ಬೆಲ್ಲವಿಲ್ಲ, ಊರಿನ ಶೇಂಗಾ ಹುರಿದು ಅರೆದ ಒಂದಿಷ್ಟು ಮುದ್ದೆ. ನಾಯಿ ತಿಂದಿತು, ಗುಣವಾಯಿತು, ಸುದ್ದಿ ಹಬ್ಬಿತು. ಕಾಲೇಜಿನಲ್ಲಿ ಹನ್ನೊಂದು ವರ್ಷ ದುಡಿದರೂ ಅವಳ ಹೆಸರು ಗೊತ್ತಿದ್ದವರು ಕಡಿಮೆ. ಈಗ ಅಪಾರ್ಟ್‌ಮೆಂಟಿನ ಮಕ್ಕಳು ಕೂಡ 'ಬಿಸ್ಕೆಟ್ ಪ್ರತಿಭಾ ಆಂಟಿ' ಎಂದು ಕೂಗುತ್ತಿದ್ದರು. ನಾಯಿಯ ಬಾಲ ಹಿಡಿದು ಬಂದರೂ ಹೆಸರು ಹೆಸರೇ.

ಸಿದ್ದಲಿಂಗ ಬಂದ, ಅರೆನಿದ್ದೆಯಲ್ಲೇ ಮಚ್ಚೆತ್ತಿ ಒಂದೇಟು ಹಾಕಿದ, ಹೋಗಿ ಮಲಗಿದ. ಕುಂಬಳಕಾಯಿ ಬೇಯುವಷ್ಟರಲ್ಲಿ ನೋಡಿದರೆ ರಾಗಿಹಿಟ್ಟಿನ ಡಬ್ಬಿ ತಳ ಕಾಣುತ್ತಿತ್ತು.

"ಅತ್ತಿ, ನೀವು ಕುಂಬಳಕಾಯಿ ಕಿವುಚಿ ಗೋದಿಹಿಟ್ಟು ಕಲಸ್ತಿರ್ರಿ. ನಾ ಗಿರಣಿಗೆ ಹೋಗಿ ಬಂದ್ ಬಿಡ್ತೀನಿ."

"ಹೋಗ್ ಬಾರವ್ವಾ. ಕೈಗೇನ್ ಆಗೇತಿ ನನಗ, ಸೊಂಟಕ್ಕ ಆಗೇತಿ."

ಅವಳು ವಾಪಸ್ಸು ಬಂದಾಗ ಹಿಟ್ಟು ಕಲಸಿ ಸಿದ್ಧವಾಗಿತ್ತು. ರಾಗಿ ಸೇರಿಸಿ, ಲಟ್ಟಿಸಿ, ಮೂಳೆಯಾಕಾರದ ಅಚ್ಚಿನಿಂದ ಕತ್ತರಿಸಿ ಸುಟ್ಟಳು. ಧನುರ್ಮಾಸದ ಚಳಿಗೆ ಅವಳ ಮೂಗು ಎರಡು ದಿನದಿಂದ ಕಟ್ಟಿತ್ತು, ವಾಸನೆ ಹತ್ತಲಿಲ್ಲ. ಓಡಿಹೋಗಿ ಪೊಟ್ಟಣಗಳನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ವಹಾಬನ ಕೈಗಿಟ್ಟಳು. ಅವನು ಅವನ್ನು ಮನೆಮನೆಗೆ ಮುಟ್ಟಿಸಿದ.

ಮನೆಗೆ ಬಂದು ಪಾತ್ರೆ ತೊಳೆಯಲು ಕೂತವಳಿಗೆ ತುರಿಯುವ ಮಣೆ ಸಿಕ್ಕಿತು. ಸಣ್ಣ ಕಣ್ಣಿನದು. ಅದರ ಹಲ್ಲುಗಳಲ್ಲಿ ಕಂದು ಪುಡಿ.

"ಅತ್ತಿ, ಇದರಾಗ ಏನ್ ತುರದೀರಿ?"

"ಜಾಜಿಕಾಯಿ."

ಪ್ರತಿಭಾ ಮಣೆಯನ್ನು ನೀರಿನಿಂದ ಮೇಲೆತ್ತಿದಳು. "ಯಾವುದಕ್ಕ?"

"ಹಿಟ್ಟಿಗವ್ವಾ. ನೀ ಮಾಡೂದು ಸಪ್ಪನ್ನ ಸಪ್ಪಗ ಇರ್ತೈತಿ. ಮ್ಯಾಲ ಕುಂಬಳಕಾಯಿ ತಂಪು, ಇಂಥಾ ಥಂಡ್ಯಾಗ ಬರೇ ಅದನ್ನ ತಿನಿಸಿದ್ರ ಆ ನಾಯಿಗೋಳಿಗೆ ನೆಗಡಿ ಆಗೂದಿಲ್ಲೇನು? ಕುಂಬಳಕಾಯಿ ಗಾರಿಗಿಗೆ ನಾವು ಜಾಜಿಕಾಯಿ ಹಾಕೂದಿಲ್ಲೇನು? ಉಷ್ಣ ಆಗ್ತೈತಿ. ಕೂಸುಗೋಳಿಗೇ ತೇದು ನೆಕ್ಕಸ್ತೀವಿ."

"ಎಷ್ಟ್ ಹಾಕೀರಿ?"

"ಡಬ್ಬ್ಯಾಗ ಇದ್ದದ್ದಽ ಎರಡು. ಎರಡೂ ಹಾಕಿನಿ. ಪರರ ಮನಿ ನಾಯಿ ಅಂತ ಕಡಿಮಿ ಮಾಡಬಾರದು ನೋಡು."

ಎರಡು ಇಡೀ ಜಾಜಿಕಾಯಿ. ಕೆಲಸ ಶುರು ಮಾಡುವ ಮೊದಲು ಹೆಬ್ಬಾಳದ ಒಬ್ಬ ನಾಯಿ ಡಾಕ್ಟರನ್ನು ಕಂಡು ಬಂದಿದ್ದಳು ಪ್ರತಿಭಾ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟು, ಜಾಜಿಕಾಯಿ ಇವು ನಾಯಿಯ ಹೊಟ್ಟೆಗೆ ಹೋಗಕೂಡದು, ಜಾಜಿಕಾಯಿ ಹೆಚ್ಚಾದರೆ ತಲೆಗೇರುತ್ತದೆ, ಎದೆ ಓಡುತ್ತದೆ, ಫಿಟ್ಸ್ ಕೂಡ ಬರಬಹುದು ಎಂದು ಅವರು ಬಿಡಿಸಿ ಹೇಳಿದ್ದರು. ಈರುಳ್ಳಿ ಬೆಳ್ಳುಳ್ಳಿಯ ವಿಷಯವನ್ನು ಅವಳು ಅತ್ತೆಗೆ ದಾಟಿಸಿದ್ದಳು. ಜಾಜಿಕಾಯಿಯ ವಿಷಯ ದಾಟಿಸಿರಲಿಲ್ಲ. ನಾಯಿ ಬಿಸ್ಕತ್ತಿಗೆ ಯಾರಾದರೂ ಜಾಜಿಕಾಯಿ ಹಾಕುತ್ತಾರೆಯೇ ಎಂದುಕೊಂಡಿದ್ದಳು. ಪ್ರೀತಿ ಹೆಚ್ಚಾದರೆ ಹಾಕುತ್ತಾರೆ.

ಅತ್ತೆಗೆ ಏನೂ ಹೇಳದೆ ಹೊರಗೆ ಬಂದು ಫೋನು ತೆಗೆದಳು. ಬಿಸ್ಕತ್ತು ಕೊಳ್ಳುವವರಿಗೆಲ್ಲ ಒಂದೇ ಸಂದೇಶ: 'ಇವತ್ತಿನ ಬಿಸ್ಕೆಟ್ ದಯವಿಟ್ಟು ಹಾಕಬೇಡಿ, ಹಿಟ್ಟು ಸ್ವಲ್ಪ ಕೆಟ್ಟಿದೆ, ಬೇರೆ ಮಾಡಿಕೊಡುತ್ತೇನೆ.' ಹಿಟ್ಟು ಕೆಟ್ಟಿರಲಿಲ್ಲ. ಆದರೆ 'ಜಾಜಿಕಾಯಿ' ಎಂದು ಬರೆಯಲು ಬೆರಳು ಬರಲಿಲ್ಲ. ವಿಷಕ್ಕೆ ಹತ್ತಿರದ ಮಾತು ಒಮ್ಮೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳೊಳಗೆ ಬಿದ್ದರೆ 'ಬಿಸ್ಕೆಟ್ ಪ್ರತಿಭಾ' ಅಲ್ಲಿಗೇ ಮುಗಿದಳು ಎಂಬುದು ಅವಳಿಗೆ ಗೊತ್ತಿತ್ತು. ಒಬ್ಬೊಬ್ಬರಾಗಿ ಉತ್ತರಿಸಿದರು. ಪೊಟ್ಟಣ ಬಿಚ್ಚಿಲ್ಲ ಎಂದರು ಹಲವರು. ಒಬ್ಬರ ನಾಯಿ ಒಂದು ಚೂರು ಕಚ್ಚಿ ಉಗಿದಿತ್ತಂತೆ. ಮೂರನೇ ಮಹಡಿಯ ಶಾಂತಲಾ ಮಾತ್ರ ಸಂದೇಶವನ್ನೇ ನೋಡಿರಲಿಲ್ಲ. ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಈಗ ಎಂಗೇಜು. ಶಾಂತಲಾಳ ಮನೆಯದು ಟಫಿ ಎಂಬ ಬೀಗಲ್ ನಾಯಿ. ಬೀಗಲ್ ಎಂದರೆ ನಾಲ್ಕು ಕಾಲಿನ ಹೊಟ್ಟೆ. ಪೊಟ್ಟಣ ಸಿಕ್ಕರೆ ಕಾಗದವನ್ನೂ ಬಿಡುವುದಿಲ್ಲ.

ಆಟೋ ಹಿಡಿದಳು. ಸರ್ವಿಸ್ ರಸ್ತೆಯಲ್ಲಿ ಕಾಂಕ್ರೀಟ್ ಮಿಕ್ಸರ್ ಲಾರಿಯೊಂದು ಅಡ್ಡ ನಿಂತಿತ್ತು. ಅರ್ಧದಲ್ಲೇ ಇಳಿದು ಓಡಿದಳು.

ಗೇಟಿನ ಒಳಗೆ ಜನ ಸೇರಿದ್ದರು. ನಡುವೆ ವಹಾಬ್, ತಲೆಯ ಮೇಲೆ ಟೋಪಿಯಿಲ್ಲ. ಟೋಪಿ ಅಸೋಸಿಯೇಷನ್ ಸೆಕ್ರೆಟರಿ ಅಶ್ವತ್ಥ್‌ನ ಕೈಯಲ್ಲಿತ್ತು. ಈ ಅಪಾರ್ಟ್‌ಮೆಂಟ್ ಎದ್ದಿರುವ ಹೊಲ ಒಂದು ಕಾಲಕ್ಕೆ ಅಶ್ವತ್ಥ್‌ನ ಅಜ್ಜನದು. ಬದಲಿಗೆ ಬಂದ ಫ್ಲಾಟುಗಳ ಜೊತೆ ಯಜಮಾನಿಕೆಯೂ ಬಂದಿತ್ತು. ವಹಾಬನಿಗೆ ಅರವತ್ತರ ಹತ್ತಿರ. ಪ್ರಶ್ನೆ ಕೇಳುತ್ತಿದ್ದವನು ಅವನ ಮಗನ ವಯಸ್ಸಿನವನು.

"ನಿಜ ಹೇಳೋ, ಏನ್ ಹಾಕ್ದೆ ನಾಯಿಗೆ?"

"ಬನ್ನು ಸಾರ್. ಬೆಳಿಗ್ಗೆ ಟೀ ಜೊತೆ ತಿಂತೀನಲ್ಲ, ಅದ್ರಲ್ಲೇ ಒಂದ್ ತುಂಡು. ದಿನಾ ಕೊಡ್ತೀನಿ. ಅದೇ ಬಂದು ಕಾಲ್ ನೆಕ್ತದೆ ಸಾರ್."

"ಬನ್ನಲ್ಲಿ ಏನಿತ್ತು?"

"ಬನ್ನಲ್ಲಿ ಏನಿರ್ತದೆ ಸಾರ್, ಬನ್ನಿರ್ತದೆ."

ಯಾರೋ ಹಿಂದಿನಿಂದ, "ಇವ್ರನ್ನೆಲ್ಲ ಕೆಲಸಕ್ಕಿಟ್ಕೊಳ್ಳೋ ಮುಂಚೆನೇ ಯೋಚ್ನೆ ಮಾಡ್ಬೇಕಿತ್ತು," ಎಂದರು. ಇವ್ರನ್ನೆಲ್ಲ ಎಂದರೆ ಯಾರನ್ನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಅನುಮಾನ ನಮ್ಮಲ್ಲಿ ಮೆಟ್ಟಿಲು ಹತ್ತಿ ಬರುವುದಿಲ್ಲ, ಹೆಸರು ಕೇಳಿದರೆ ಲಿಫ್ಟಿನಲ್ಲೇ ಬರುತ್ತದೆ.

ಶಾಂತಲಾ ಕಾರಿನ ಪಕ್ಕ ನಿಂತಿದ್ದಳು. ಅವಳ ತೋಳಿನಲ್ಲಿ ಟವೆಲು ಸುತ್ತಿದ ಟಫಿ. ನಾಲಗೆ ಹೊರಗೆ, ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು, ಕಣ್ಣು ಎಲ್ಲಿಯೋ ಇಲ್ಲದ್ದನ್ನು ನೋಡುತ್ತಿತ್ತು. ಅವಳ ಗಂಡ ಕಾರು ತಿರುಗಿಸುತ್ತಿದ್ದ.

"ಪ್ರತಿಭಾ, ನೋಡಿ ನಮ್ ಟಫಿನ!" ಶಾಂತಲಾ ಅತ್ತೇಬಿಟ್ಟಳು. "ನಿಮ್ ಬಿಸ್ಕೆಟ್ ಬಿಟ್ರೆ ಹೊರಗಿಂದು ಏನೂ ಕೊಡಲ್ಲ ಕಣ್ರೀ ನಾನು. ಈ ಮನುಷ್ಯ ಏನ್ ಹಾಕಿದಾನೋ. ಅಶ್ವತ್ಥ್ ಆಗ್ಲೇ ಗ್ರೂಪಲ್ಲಿ ಇವನ ಹೆಸರು ಹಾಕಿದಾರೆ. ಇಲಿಪಾಷಾಣನೇ ಇರ್ಬೇಕು. ಡಾಕ್ಟರ್‌ಗೂ ಹಾಗೇ ಹೇಳಿದೀನಿ, ಅದಕ್ಕೇ ರೆಡಿ ಮಾಡ್ಕೊಂಡಿದಾರೆ."

ಪ್ರತಿಭಾ ನಿಂತಲ್ಲೇ ನಿಂತಳು. ಯಾರಿಗೂ ಅವಳ ಮೇಲೆ ಅನುಮಾನವಿಲ್ಲ. ಅವಳೇ ಮುಂಚಿತವಾಗಿ ಎಚ್ಚರಿಸಿದವಳು, ಫೋನಿನಲ್ಲಿ ಸಾಕ್ಷಿಯಿದೆ. ಸುಮ್ಮನಿದ್ದರೆ ಮುಂದಿನ ಶನಿವಾರವೂ ಬರುತ್ತದೆ, ಮಕ್ಕಳೂ ಕೂಗುತ್ತಾರೆ. ಅಷ್ಟಕ್ಕೆ ಅವಳು ಮಾಡಬೇಕಾದದ್ದು ಏನೂ ಇಲ್ಲ. ಏನನ್ನೂ ಮಾಡದೆ ಮಾಡಬಹುದಾದ ಪಾಪಗಳೇ ಈ ಊರಿನಲ್ಲಿ ಹೆಚ್ಚು ನಡೆಯುವುದು.

ವಹಾಬ್ ಅವಳತ್ತ ನೋಡಿದ. "ಅಮ್ಮಾ, ನೀನಾದ್ರೂ ಹೇಳು. ನಿನ್ ಪೊಟ್ನ ಇಷ್ಟ್ ದಿನ ಕೊಟ್ಟಿದೀನಿ, ಒಂದಾದ್ರೂ ಬಿಚ್ಚಿದೀನಾ? ಆ ಥರ ಮನುಷ್ಯನಾ ನಾನು?"

ಶಾಂತಲಾ ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡಳು. ಕಾರು ಕದಲಿತು. ಪ್ರತಿಭಾ ಓಡಿಹೋಗಿ ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

"ಇಲಿಪಾಷಾಣ ಅಲ್ರೀ! ಜಾಜಿಕಾಯಿ! ನನ್ನ ಬಿಸ್ಕತ್ತಿನ್ಯಾಗ ಜಾಜಿಕಾಯಿ ಬಿದ್ದೈತಿ. ಎರಡು ಇಡೀ ಕಾಯಿ. ಡಾಕ್ಟರಿಗೆ ಈಗಿಂದೀಗ ಅದನ್ನಽ ಹೇಳ್ರಿ, ತಪ್ಪು ಔಷಧ ಕೊಟ್ಟಗಿಟ್ಟಾರು."

ಕಿಟಕಿಯ ಗಾಜು ಇಳಿಯಿತು.

"ಏನಂದ್ರಿ?"

"ಟಫಿ ಎಷ್ಟ್ ತಿಂದೈತ್ರೀ?"

"ಇಡೀ ಪ್ಯಾಕೆಟ್... ಹರಿದು ತಿಂದ್ಬಿಟ್ಟಿತ್ತು. ನಿಮ್ ಬಿಸ್ಕೆಟ್ ಅಲ್ವಾ ಅಂತ ನಾನು ಸುಮ್ನಿದ್ದೆ." ಶಾಂತಲಾಳ ಮುಖದಲ್ಲಿ ಅಳು ನಿಂತು ಬೇರೇನೋ ಬಂತು. "ಯಾರ್ ಹಾಕಿದ್ದು ಅದನ್ನ? ನೀವಾ?"

ಪ್ರತಿಭಾಳ ಕಣ್ಣಿಗೆ ಅತ್ತೆಯ ಸುಕ್ಕುಗೈ ಬಂತು. "ನನ್ನ ಹಿಟ್ಟು, ನನ್ನ ಹೊಣಿ. ಮೊದಲ ಡಾಕ್ಟರಿಗೆ ಹೇಳ್ರಿ. ಆಮ್ಯಾಲ ನನ್ನ ಬಯ್ರಿ."

ಬಾನೆಟ್ಟಿನಿಂದ ಕೈ ತೆಗೆದಳು. ಕಾರು ಹೋಯಿತು. ಗಾಜೇರುವ ಮೊದಲೇ ಶಾಂತಲಾ ಫೋನಿನಲ್ಲಿ 'ಡಾಕ್ಟರ್, ನಟ್‌ಮೆಗ್, ನಟ್‌ಮೆಗ್' ಎಂದು ಕೂಗುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು.

ಈಗ ಗುಂಪಿನ ಮುಖವೆಲ್ಲ ಅವಳ ಕಡೆ ತಿರುಗಿತು. "ಮನೇಲಿ ಮಾಡಿದ್ದು ಅಂತ ನಂಬಿ ತಗೋತೀವಿ, ಇವ್ರು ನೋಡಿದ್ರೆ..." ಎಂದು ಒಬ್ಬರು. "ಲೈಸೆನ್ಸ್ ಇದ್ಯಾ ಕೇಳಿ," ಎಂದು ಇನ್ನೊಬ್ಬರು. ಅಶ್ವತ್ಥ್ ಟೋಪಿಯನ್ನು ವಹಾಬನ ಕೈಗೆ ತುರುಕಿ, "ಸರಿ ಸರಿ, ಡ್ಯೂಟಿ ನೋಡ್ಕೋ ಹೋಗು," ಎಂದ. ಕೊಡೆ ಮರೆತುಹೋದವರಿಗೆ ಕೊಡೆ ವಾಪಸ್ಸು ಕೊಟ್ಟ ಹಾಗೆ. ನಂತರ ಪ್ರತಿಭಾಳಿಗೆ, "ನೀವು ಇನ್ಮೇಲೆ ಈ ಗೇಟ್ ಹತ್ರ ಬರ್ಬೇಡಿ. ಹೊರಡಿ."

"ಹೋಗ್ತೀನ್ರಿ. ಗ್ರೂಪಿನ್ಯಾಗ ವಹಾಬಣ್ಣನ ಮ್ಯಾಲ ಹಾಕೀರಲ್ಲ, ಅದು?"

"ಅದನ್ನ ಸಂಜೆ ನೋಡೋಣ."

"ಹಾಕುವಾಗ ಸಂಜಿ ತನಕ ಕಾದಿದ್ರೇನು?"

"ರೀ, ತಪ್ಪು ನಿಮ್ದು, ನನಗೇ ದಬಾಯಿಸ್ತೀರಾ?"

"ತಪ್ಪು ನಂದಽ ಐತ್ರಿ. ಅದಕ್ಕಽ ನಿಂತೀನಿ."

ಅವಳು ನಿಂತೇ ಇದ್ದಳು. ಜನ ಕರಗಿದರು, ಶನಿವಾರದ ಊಟ ಕಾಯುತ್ತಿತ್ತು. ಅಶ್ವತ್ಥ್ ಮೇಲೆ ಹೋಗಲು ಎರಡು ಸಲ ತಿರುಗಿ ಎರಡು ಸಲವೂ ಹಿಂದೆ ಬಂದ, ಗೇಟಿನ ಬಾಯಿಯಲ್ಲಿ ಹೆಂಗಸೊಬ್ಬಳನ್ನು ನಿಲ್ಲಿಸಿ ಹೋಗುವುದು ಅವನಿಗೂ ಸಲೀಸಾಗಿರಲಿಲ್ಲ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಶಾಂತಲಾಳ ಗಂಡ. ಡ್ರಿಪ್ ಹಾಕಿದ್ದಾರೆ, ಫಿಟ್ಸ್ ಬಂದಿಲ್ಲ, ಎದೆ ಬಡಿತ ಇನ್ನೂ ಇಳಿದಿಲ್ಲ, ಇವತ್ತು ಕಳೆಯಬೇಕು. ಏನು ತಿಂದಿದೆ ಎಂದು ಬರುವ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರಂತೆ. ಅಶ್ವತ್ಥ್ ಅದನ್ನು ಅವಳಿಗೆ ಹೇಳಬೇಕೆಂದೇನೂ ಇರಲಿಲ್ಲ. ಆದರೂ ಹೇಳಿದ. ಹೇಳಿ, ಫೋನಿನಲ್ಲಿ ಬೆರಳಾಡಿಸಿ, "ಹಾಕ್ದೆ, ಆಯ್ತಾ?" ಎಂದು ತೋರಿಸಿದ. 'ಟಫಿ ವಿಷಯ ಕ್ಲಿಯರ್ ಆಗಿದೆ. ಯಾರೂ ಗಾಬರಿಯಾಗಬೇಡಿ' ಎಂದಿತ್ತು.

"ಇದರಾಗ ವಹಾಬಣ್ಣ ಎಲ್ಲಿ ಅದಾನ್ರಿ? ಬೈಯೂ ಮುಂದ ಹೆಸರು ಹಾಕಿದ್ರಿ. ಈಗೂ ಹಾಕ್ರಿ. ವಹಾಬ್ ಏನೂ ಮಾಡಿಲ್ಲ, ಬಿಸ್ಕತ್ತು ಮಾಡೋ ಪ್ರತಿಭಾ ಮಾಡಿದ್ದು ಅಂತ."

ಅಶ್ವತ್ಥ್ ಅವಳನ್ನು ನೋಡಿದ, ವಹಾಬನನ್ನು ನೋಡಿದ, ಮತ್ತೆ ಬರೆದ. ಅವಳು ಓದಿದಳು. ಅವಳ ಕಣ್ಣೆದುರೇ ಅದು ಹೋಯಿತು. ಕೆಳಗೆ ಉತ್ತರಗಳು ಬೀಳತೊಡಗಿದವು. ಬಿದ್ದವೆಲ್ಲ ಪ್ರತಿಭಾಳ ಮೇಲೆ. ವಹಾಬನಿಗೆ ಸಾರಿ ಎಂದು ಒಂದೂ ಬರಲಿಲ್ಲ.

"ವಹಾಬ್, ಗೇಟ್ ಆ್ಯಪ್‌ನಲ್ಲಿ ಇವ್ರ ಹೆಸ್ರು ತೆಗೆದ್ಹಾಕು," ಎಂದು ಹೇಳಿ ಅಶ್ವತ್ಥ್ ಲಿಫ್ಟಿನ ಕಡೆ ಹೋದ.

ಒಳಗೆ ಬಿಡಬಹುದಾದವರ ಪಟ್ಟಿಯಿದ್ದ ಗೇಟಿನ ಮೊಬೈಲನ್ನು ವಹಾಬ್ ಕ್ಯಾಬಿನ್ನಿನಿಂದ ತಂದ. ಹುಡುಕಿದ. ಅವಳ ಫೋಟೋ ಬಂತು, ಮೊದಲ ಶನಿವಾರ ಅವನೇ ತೆಗೆದದ್ದು. ಬೆರಳನ್ನು ಅದರ ಮೇಲೆ ತಂದು ನಿಲ್ಲಿಸಿದ.

"ಏನಮ್ಮಾ ಮಾಡ್ಲಿ? ತೆಗೀಲಾ?"

"ತಗಿಯಣ್ಣಾ. ತಗೀದಿದ್ರ ಮತ್ತ ನಿನ್ನಽ ಹಿಡೀತಾರ."

ಅವನು ಒತ್ತಿದ. ಫೋಟೋ ಹೋಯಿತು. ಪ್ರತಿಭಾ ಸೆರಗಿನಿಂದ ಮೂಗೊರೆಸಿಕೊಂಡು ಗೇಟಿನಾಚೆಗೆ ಬಂದು, ಸಂಗವ್ವನಿಗೆ ಏನೆಂದು ಹೇಳುವುದೋ ಗೊತ್ತಾಗದೆ, ಹುಣಸಮಾರನಹಳ್ಳಿಯ ಕಡೆ ನಡೆಯತೊಡಗಿದಳು.