ನೆಟ್ ಇಲ್ಲದ ಆಟಕ್ಕೆ ಮಸ್ಕಿಗೆ ಹೋದದ್ದು

ಅಂದು ಶನಿವಾರ, ಬೆಳಗಿನ ಶಾಲೆ. ಮಕ್ಕಳಿಗೆ ಪಾಠ ಹೇಳಿ ಮುಗಿಸಿ ಮನೆಗೆ ಬಂದಾಗ ರಸ್ತೆಯಲ್ಲಿ ಭತ್ತ ಕೊಯ್ಯುವ ಯಂತ್ರಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆ ಸದ್ದಿನಲ್ಲಿ ನಾನು ಬಾಗಿಲು ತೆಗೆದದ್ದು ಯಾರಿಗೂ ಕೇಳಿಸಲಿಲ್ಲ. ಒಳಕೋಣೆಯಿಂದ ಒಬ್ಬ ಗಂಡಸಿನ ದನಿ ಬರುತ್ತಿತ್ತು. ನಮ್ಮವರದಲ್ಲ. ಹಿಂದಿಯಲ್ಲಿ, ಬಹಳ ಮೆತ್ತಗೆ, ಯಾವ ಶಾಲೆಯಲ್ಲಿ ಓದುತ್ತೀ ಎಂದು ಕೇಳುತ್ತಿತ್ತು.

ಕೋಣೆಯಲ್ಲಿ ಮಗಳೊಬ್ಬಳೇ ಇದ್ದಳು. ಏಳನೇ ತರಗತಿಯವಳು. ಗೋಡೆಗೆ ಒರಗಿ, ಸೌದಿಯಿಂದ ನನ್ನ ಮೈದುನ ತಂದುಕೊಟ್ಟಿದ್ದ ಗೇಮ್ ಕನ್ಸೋಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ದನಿ ಅದರಿಂದಲೇ ಬರುತ್ತಿತ್ತು. ನಾನು ಅದನ್ನು ಕಸಿದು ಆರಿಸಿದೆ.

"ಯಾರವ?"

"ಗೊತ್ತಿಲ್ಲ ಅಮ್ಮಿ. ಎಲ್ಲಾರೂ ಬರ್ತಾರ, ಆಡ್ತಾರ, ಹೋಗ್ತಾರ."

"ಏನೇನು ಹೇಳೀದಿ ಅವಗ?"

"ಊರು ಹೇಳೀನಿ. ಶಾಲಿ ಹೆಸರು ಹೇಳಾಕತ್ತಿದ್ದೆ, ನೀ ಬಂದಿ."

ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಆಟ ನಡುವೆ ನಿಂತಿತೆಂಬ ಬೇಸರ ಮಾತ್ರ ಇತ್ತು.

ಸಂಜೆ ಅಂಗಡಿಯಿಂದ ಬಂದ ಗಂಡ ವಿಷಯ ಕೇಳಿ, ಕನ್ಸೋಲನ್ನು ಅಲ್ಮಾರಿಗೆ ಹಾಕಿ ಬೀಗ ಜಡಿಯುವುದೇ ಸರಿ ಎಂದರು. ನನಗೆ ಹಾಗನ್ನಿಸಲಿಲ್ಲ. ಆಟದಿಂದ ತೊಂದರೆಯಾಗಿರಲಿಲ್ಲ, ಆಟದೊಳಗೆ ಬಂದು ಕೂತವನಿಂದ ಆಗಿತ್ತು. ಮೊಬೈಲಿನಲ್ಲಿ ಮನೆಯ ವೈಫೈ ಸೆಟ್ಟಿಂಗ್ ತೆಗೆದು ಹುಡುಕಿದೆ. ಯಾವ ಯಾವ ಸಾಧನಕ್ಕೆ ನೆಟ್ ಹೋಗುತ್ತಿದೆ ಎಂದು ಅದರಲ್ಲಿ ಕಾಣುತ್ತದೆ. ಕನ್ಸೋಲಿಗೆ ಮಾತ್ರ ನೆಟ್ ಬಂದ್ ಮಾಡಿದೆ. ಕಾರ್ ರೇಸು, ಮನೆ ಕಟ್ಟುವ ಆಟ ಎಲ್ಲ ಮೊದಲಿನಂತೆ ನಡೆದವು. ಹೊರಗಿನವರು ಬರುವುದು ನಿಂತಿತು.

ಮಗಳು ಅಳಲಿಲ್ಲ. "ಹಂಗಾದ್ರ ಆಕಿ ಜೋಡಿ ಹೆಂಗ ಆಡ್ಲಿ?" ಎಂದು ಕೇಳಿದಳು.

'ಆಕಿ' ಎಂದರೆ ಅವಳ ಗೆಳತಿ. ಒಂದನೇ ತರಗತಿಯಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಗೆಳತಿಯ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹಿಂದಿನ ವರ್ಷ ಲಿಂಗಸೂಗೂರಿಗೆ ವರ್ಗವಾಗಿತ್ತು. ಊರು ಬಿಡುವಾಗ ಆ ಹುಡುಗಿ ಹಟ ಹಿಡಿದು ಇಂಥದ್ದೇ ಕನ್ಸೋಲ್ ಕೊಡಿಸಿಕೊಂಡಿದ್ದಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ನೆಟ್‌ನಲ್ಲಿ ಕೂಡಿ ಆಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೆ ಆ ಅಪರಿಚಿತನಿಗೆ ಮುಚ್ಚಿದ ಬಾಗಿಲು ಗೆಳತಿಗೂ ಮುಚ್ಚಿತೆಂದು ಆಗಲೇ ಹೊಳೆದದ್ದು.

ಎರಡು ಮೂರು ದಿನ ಕಳೆದಿರಬೇಕು, ಅತ್ತೆ ಅಡುಗೆಮನೆಗೆ ಬಂದು ನಿಂತರು. ಮನೆಯಲ್ಲಿ ಅವರೊಂದಿಗೆ ನಮ್ಮ ಮಾತು ದಖ್ಖನಿಯಲ್ಲಿ. "ಡಬ್ಬೇಕು ನೆಟ್ ದೇನೆಕು ಮೇರಾ ಫೋನ್ ಹೋನಾ ಕತೆ," ಎಂದರು. ಡಬ್ಬಿಗೆ ನೆಟ್ ಕೊಡಲಿಕ್ಕೆ ಮೊಮ್ಮಗಳು ಅವರ ಮೊಬೈಲ್ ಕೇಳಿದ್ದಳು. ಕೊಡಬೇಕೋ ಬೇಡವೋ ತಿಳಿಯದೆ ನನ್ನನ್ನೇ ಕೇಳಲು ಬಂದಿದ್ದರು. ಬೇಡವೆಂದೆ. ಕನ್ಸೋಲಿನೊಳಗೂ ಒಂದು ಗುಪ್ತ ಸಂಖ್ಯೆ ಹಾಕಿ, ಯಾವ ಮೊಬೈಲಿನಿಂದಲೂ ನೆಟ್ ಸಿಗದ ಹಾಗೆ ಮಾಡಿದೆ. ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ಏಳುತ್ತಿದ್ದಳು.

ಗೆಳತಿಯ ತಾಯಿಗೆ ಫೋನ್ ಮಾಡಿದೆ. ಅವರು ನನಗೆ ಸಿಸ್ಟರ್, ನಾನು ಅವರಿಗೆ ಟೀಚರ್, ಪರಿಚಯವಾದಾಗಿನಿಂದ ಹಾಗೆಯೇ. ನೆಟ್ ಬಂದ್ ಮಾಡಿದ್ದೇನೆ ಎಂದು ಹೇಳಿದ್ದೇ ಅವರ ದನಿ ಬದಲಾಯಿತು.

"ನಮ್ಮ ಹುಡುಗಿ ಜೋಡಿ ಆಡಿದ್ರ ಏನು ತಪ್ಪಾತ್ರಿ ಟೀಚರ್?"

"ಆಕಿದೇನೂ ತಪ್ಪಿಲ್ರಿ ಸಿಸ್ಟರ್," ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಡ್ಯೂಟಿಯಲ್ಲಿದ್ದರು. ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟರು. ಸಿಟ್ಟಾದರೇನೋ ಅಂದುಕೊಂಡೆ.

ಮರುದಿನ ಅವರೇ ಮಾಡಿದರು. "ನಿನ್ನೆ ಮಗಳ್ನ ಕುಂದ್ರಿಸಿ ಕೇಳಿದ್ನಿರಿ. ಅಂವ ಆಕೀನ್ನೂ ಮಾತಾಡ್ಸ್ಯಾನಂತ. ಫೋಟೋ ಕಳಸು ಅಂದಾನಂತ. ಕಳ್ಸಿಲ್ಲಂತ. ನಾ ಎಲ್ಲಾ ನೋಡೀನಿ, ಕಳ್ಸಿಲ್ಲ. ನಮ್ಮ ಮನ್ಯಾಗೂ ಬಂದ್ ಮಾಡೀನ್ರಿ," ಎಂದರು. ಇಬ್ಬರೂ ಕೂಡಿ ಆ ಮನುಷ್ಯನ ಬಗ್ಗೆ ಆಟದ ಕಂಪನಿಗೆ ದೂರು ಕಳಿಸಿದೆವು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮುಂದೇನಾಯಿತೋ ತಿಳಿಯಲಿಲ್ಲ.

ಉಪಾಯ ಹೇಳಿದವರೂ ಸಿಸ್ಟರೇ. ಎರಡು ಕನ್ಸೋಲ್‌ಗಳು ಒಂದೇ ಕೋಣೆಯಲ್ಲಿದ್ದರೆ ನೆಟ್ ಇಲ್ಲದೆಯೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅವರ ತಂಗಿಯ ಮನೆ ಮಸ್ಕಿಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರವೇ. "ನಿಮಗೂ ಅರ್ಧ ದಾರಿ, ನಮಗೂ ಅರ್ಧ ದಾರಿ. ಐತವಾರ ಬರ್ರಿ."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಮಗಳು ಕನ್ಸೋಲನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆ ದಿನಗಳಲ್ಲಿ ಮೊದಲ ಸಲ ನನ್ನೊಂದಿಗೆ ತಾನಾಗಿ ಮಾತಾಡಿದಳು. ಗೆಳತಿಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ಆದರೆ ಮಸ್ಕಿಯ ಆ ಮನೆಯ ಹೊಸಿಲಲ್ಲಿ ಇಬ್ಬರಿಗೂ ಬಾಯಿ ಕಟ್ಟಿತು. ಗೆಳತಿ ಗೇಣುದ್ದ ಎತ್ತರವಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ನನ್ನ ಮಗಳು ನನ್ನ ಸೆರಗಿನ ಹಿಂದೆ ಸರಿದಳು. ದಿನವೂ ಮಾತಾಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು. ಕಡೆಗೆ ಸಿಸ್ಟರ್, "ಹೋಗ್ರಿ, ಆಡ್ರಿ," ಎಂದು ಒಳಗೆ ದೂಡಿದರು. ಅಕ್ಕಪಕ್ಕ ಕೂತು ಕನ್ಸೋಲ್ ತೆರೆದರು. ತುಸು ಹೊತ್ತಿನಲ್ಲೇ ಒಳಗಿಂದ ಕೂಗಾಟ ಕೇಳಿಬಂತು. "ಎಡಕ್ಕ ಬಾ ಲೇ! ಅಲ್ಲೆಲ್ಲಿ ಹೊಂಟಿ!"

ನಾವು ಹೊರಗೆ ಪಡಸಾಲೆಯಲ್ಲಿ ಮಂಡಾಳು ಒಗ್ಗರಣೆ ತಿನ್ನುತ್ತ ಕೂತೆವು. ಮಧ್ಯಾಹ್ನದ ಹೊತ್ತಿಗೆ ಒಂದರ ಚಾರ್ಜ್ ಮುಗಿಯಿತು. ಸದ್ದು ಅಡಗಿತು. ಆಮೇಲೆ ಗೆಳತಿಯ ದನಿ ಕೇಳಿಸಿತು, ಸಣ್ಣಗೆ.

"ನಮ್ಮ ಸಾಲ್ಯಾಗ ನನ್ನ ಬಾಜೂಕ ಯಾರೂ ಕುಂದ್ರಂಗಿಲ್ಲ."

"ಯಾಕ?"

"ಗೊತ್ತಿಲ್ಲ. ಬುತ್ತಿನೂ ನಾ ಒಬ್ಬಾಕಿನೇ ತಿಂತೀನಿ."

"ಮತ್ತ ಆಡುವಾಗ ಯಾಕ ಹೇಳ್ಲಿಲ್ಲ?"

"ಆಡುವಾಗ ಹೆಂಗ ಹೇಳ್ಲಿ?"

ಸಿಸ್ಟರ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಒಳಗೆ ಹೋಗಲಿಲ್ಲ. ನನ್ನ ಕಡೆ ನೋಡಿ, "ನನಗ ಹೇಳೇ ಇಲ್ರಿ," ಎಂದರು. ಒಳಗೆ ನನ್ನ ಮಗಳು ಅವಳಿಗೆ ನಮ್ಮ ಶಾಲೆಯ ಸುದ್ದಿ ಹೇಳತೊಡಗಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೈ ಬಿಡಲೊಲ್ಲರು.

ಸೋಮವಾರ ಸಿಸ್ಟರ್ ರಜೆ ಹಾಕಿ ಮಗಳ ಶಾಲೆಗೆ ಹೋದರು. ಜಗಳಕ್ಕಲ್ಲ. ತರಗತಿಯ ಶಿಕ್ಷಕಿಯೊಂದಿಗೆ ಕೂತು ಮಾತಾಡಿ ಬಂದರಂತೆ. ಬೆಂಚುಗಳ ಜಾಗ ಬದಲಾಯಿತು. ಗುರುಗುಂಟಾದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ ಗೆಳತಿಯ ಪಕ್ಕಕ್ಕೆ ಕೂರಲು ಬಂದಳು.

ಆ ವರ್ಷ ಹಲವು ಭಾನುವಾರ ಮಸ್ಕಿಗೆ ಹೋದೆವು. ಬೇಸಿಗೆಯ ಹೊತ್ತಿಗೆ ಹೋಗುವುದು ಕಡಿಮೆಯಾಯಿತು. ಮನೆಯಲ್ಲಿ ನೆಟ್ ಇನ್ನೂ ಬಂದ್ ಇದೆ. ಮಗಳು ಆಗಾಗ ಕೇಳುತ್ತಾಳೆ, ನಾನು ಇನ್ನೂ ಸ್ವಲ್ಪ ದೊಡ್ಡಾಕಿ ಆಗು ಎನ್ನುತ್ತೇನೆ. ಅವಳು ಸಿಟ್ಟಾಗುತ್ತಾಳೆ, ಆಮೇಲೆ ಓಣಿಯ ಮಕ್ಕಳನ್ನು ಕರೆತಂದು ಕನ್ಸೋಲನ್ನು ಟಿವಿಗೆ ಜೋಡಿಸಿ ಆಡುತ್ತಾಳೆ.

ಕಳೆದ ಸಲ ಮಸ್ಕಿಗೆ ಹೋದಾಗ ಗೆಳತಿ ಆ ಗುರುಗುಂಟಾದ ಹುಡುಗಿಯನ್ನೂ ಕರೆತಂದಿದ್ದಳು. ಕನ್ಸೋಲ್ ಎರಡೇ, ಹುಡುಗಿಯರು ಮೂವರು. ನನ್ನ ಮಗಳು ಸರದಿ ಕಾಯಬೇಕಾಯಿತು. ಅವರಿಬ್ಬರ ನಗೆಯಲ್ಲಿ ಇವಳಿಗೆ ಗೊತ್ತಿಲ್ಲದ ಹೆಸರುಗಳಿದ್ದವು. ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಭತ್ತದ ಗದ್ದೆಗಳು ಶುರುವಾದ ಮೇಲೆ ತಾನೇ ಹೇಳಿದಳು.

"ಆ ಹುಡುಗಿಗೆ ಬಟನ್ ಒತ್ತಾಕ ಸುದ್ದಾ ಬರ್ತಿರ್ಲಿಲ್ಲ. ನಾನೇ ಕಲಿಸಿದೆ."

"ಚೊಲೋ ಆಡ್ತಾಳೇನು ಈಗ?"

"ಪರವಾಗಿಲ್ಲ," ಎಂದಳು.